ಮುಲಾಖಾತಿನ ಅರ್ಜಿ ಯಾವ ಭಾಷೆಯಲ್ಲಿ?

ಕೋಳಿಕ್ಕೋಡಿನಿಂದ ಹೊರಟ ರಾಷ್ಟ್ರೀಯ ಹೆದ್ದಾರಿ 766 ಸುಲ್ತಾನ್ ಬತ್ತೇರಿ, ಗುಂಡ್ಲುಪೇಟೆ ದಾಟಿ ನಂಜನಗೂಡಿಗೆ ಬರುತ್ತದೆ. ಮೈಸೂರು ಹಾದು ತಿ. ನರಸೀಪುರದ ಮೇಲೆ ಕೊಳ್ಳೇಗಾಲಕ್ಕೆ ಹೋಗುತ್ತದೆ. ಶುಂಠಿ ಬೆಳೆಯಲು ಜಮೀನು ಗುತ್ತಿಗೆ ಹಿಡಿಯುವ ಮಲಯಾಳಿಗಳು ಬರುವುದೂ ವಯನಾಡಿನ ತೋಟಗಳ ಕೂಲಿಗೆ ನಮ್ಮವರು ಹೋಗುವುದೂ ಇದೇ ರಸ್ತೆಯಲ್ಲಿ. ಸಂತೆಯಲ್ಲಿ, ಬಸ್ಸಿನಲ್ಲಿ, ಮಂಡಿಯಲ್ಲಿ ಕನ್ನಡ, ಮಲಯಾಳ, ತಮಿಳು ಹೇಗೋ ಹೊಂದಿಕೊಂಡು ನಡೆಯುತ್ತವೆ. ಮನೆಯ ಮಗ ಮಾನಂತವಾಡಿಯಲ್ಲೋ ಕೊಯಮತ್ತೂರಿನಲ್ಲೋ ಜೈಲು ಸೇರಿದ ದಿನ ಈ ಹೊಂದಾಣಿಕೆ ಮುಗಿಯುತ್ತದೆ. ಕೇಳಿ ಕಲಿತ ಮಲಯಾಳ ವ್ಯಾಪಾರಕ್ಕೆ ಸಾಕು, ಜೈಲಿನ ಅರ್ಜಿ ತುಂಬಲು ಸಾಲದು. ಗಡಿಭಾಗದ ಜೈಲುಗಳು ಬಂದಿಯನ್ನು ನೋಡಲು ಬರುವವರ ಅರ್ಜಿಯನ್ನು, ಅಂದರೆ ಮುಲಾಖಾತಿನ ಅರ್ಜಿಯನ್ನು, ನೆರೆರಾಜ್ಯದ ಭಾಷೆಯಲ್ಲೂ ಪಡೆಯಬೇಕು, ಅನುಮತಿ ಕೊಡದಿದ್ದರೆ ಕಾರಣವನ್ನು ಅದೇ ಭಾಷೆಯಲ್ಲಿ ಬರೆದುಕೊಡಬೇಕು ಎಂಬುದು ನನ್ನ ವಾದ. ನಮ್ಮ ಮೈಸೂರಿನ ಕೇಂದ್ರ ಕಾರಾಗೃಹವೂ ಮಲಯಾಳಿ, ತಮಿಳು ಕುಟುಂಬಗಳನ್ನು ಹೀಗೆಯೇ ನಡೆಸಿಕೊಳ್ಳಬೇಕು.

ಅರ್ಜಿ ಕೇಳುವುದು ಬಹಳವೇನಲ್ಲ. ಬರುವವರ ಹೆಸರು, ತಂದೆ ಅಥವಾ ಗಂಡನ ಹೆಸರು, ವಿಳಾಸ, ಗುರುತಿನ ಚೀಟಿ, ಮೊಬೈಲ್ ನಂಬರ್, ಬಂದಿಯ ಹೆಸರು, ಅವನ ತಂದೆಯ ಹೆಸರು, ವಯಸ್ಸು. ಇ-ಮುಲಾಖಾತ್ ಎಂಬ ರಾಷ್ಟ್ರೀಯ ಆನ್‌ಲೈನ್ ವ್ಯವಸ್ಥೆಯೂ ಹೆಚ್ಚುಕಡಿಮೆ ಇಷ್ಟನ್ನೇ ಕೇಳುತ್ತದೆ. ತೊಡಕು ಇರುವುದು ಹೆಸರಿನಲ್ಲಿ. ನಂಜನಗೂಡು ಸೀಮೆಯ ಒಬ್ಬನೇ ಹುಡುಗ ಓಣಿಯಲ್ಲಿ ಮಾದ, ರೇಷನ್ ಕಾರ್ಡಿನಲ್ಲಿ ಮಾದೇವಸ್ವಾಮಿ, ಆಧಾರ್‌ನಲ್ಲಿ ಮಹದೇವಸ್ವಾಮಿ ಆಗಿರುವುದು ಇಲ್ಲಿ ಯಾರಿಗೂ ಹೊಸದಲ್ಲ. ಆ ಹೆಸರು ವಯನಾಡಿನ ಠಾಣೆಯಲ್ಲಿ ಬಾಯಿಂದ ಕೇಳಿ ಮಲಯಾಳಕ್ಕೆ ಇಳಿದು, ಅಲ್ಲಿಂದ ಇಂಗ್ಲಿಷಿಗೆ ಹೋಗಿ ಜೈಲಿನ ದಾಖಲೆ ಸೇರುವ ಹೊತ್ತಿಗೆ ತಾಯಿಯ ಕೈಯಲ್ಲಿರುವ ಯಾವ ಚೀಟಿಗೂ ತಾಳೆಯಾಗದೆ ಹೋಗಬಹುದು. ಆಕೆಯ ಊರಿನಲ್ಲಿ ಇದನ್ನು ಯಾವ ಗುಮಾಸ್ತನಾದರೂ ಒಂದು ನೋಟದಲ್ಲಿ ಅರ್ಥಮಾಡಿಕೊಳ್ಳುತ್ತಾನೆ. ಕನ್ನಡ ಬಾರದ ಕೌಂಟರಿನಲ್ಲಿ ಅದೇ ವ್ಯತ್ಯಾಸ ಅನುಮಾನಕ್ಕೆ ಕಾರಣವಾಗುತ್ತದೆ.

ಇದನ್ನು ಜೈಲಿನವರು ತೋರಬೇಕಾದ ದಯೆ ಎಂದು ನೋಡುವುದು ತಪ್ಪು. 1981ರ ಫ್ರಾನ್ಸಿಸ್ ಕೊರಾಲಿ ಮಲಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಂಧನದಲ್ಲಿರುವವರು ಮನೆಯವರನ್ನು ಕಾಣುವುದು ಸಂವಿಧಾನದ 21ನೇ ವಿಧಿಯ ಬದುಕಿನ ಹಕ್ಕಿಗೆ ಸೇರಿದ್ದು ಎಂದಿತು. ತಿಂಗಳಿಗೆ ಒಂದೇ ಭೇಟಿ ಎಂಬ ನಿಯಮವನ್ನು ತಳ್ಳಿಹಾಕಿತು. ಭಾಷೆಯ ವಿಚಾರದಲ್ಲೂ ನ್ಯಾಯಾಲಯ ಮೊದಲೇ ದಾರಿ ತೋರಿದೆ. ಹಿಂದಿ ಮಾತ್ರ ಬಲ್ಲವನಿಗೆ ಮುಂಜಾಗ್ರತಾ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟದ್ದು ಸಾಲದು ಎಂದು 1962ರ ಹರಿಕಿಸನ್ ಪ್ರಕರಣದಲ್ಲಿ ತೀರ್ಪಾಯಿತು. ಸಂವಿಧಾನದ 350ನೇ ವಿಧಿಯು ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸಬಹುದು ಎನ್ನುತ್ತದೆ. ಕೇರಳದಲ್ಲಿ ಕನ್ನಡ ಬಳಕೆಯ ಭಾಷೆ ಎಂಬುದಕ್ಕೆ ಕಾಸರಗೋಡೇ ಸಾಕ್ಷಿ. ಅಂದಮೇಲೆ ಭೇಟಿ ನಿರಾಕರಣೆಯಾದ ನಂಜನಗೂಡಿನ ತಾಯಿ ಕನ್ನಡದಲ್ಲಿ ದೂರು ಬರೆದರೆ ಅದನ್ನು ಭಾಷೆಯ ಕಾರಣಕ್ಕೆ ಹಿಂದಿರುಗಿಸುವುದು ನ್ಯಾಯವಲ್ಲ.

ಆರೋಪಿಗಳ ಮನೆಯವರಿಗೆ ಇಷ್ಟೆಲ್ಲ ಅನುಕೂಲ ಯಾಕೆ ಎಂದು ಕೇಳುವವರಿದ್ದಾರೆ. ದೇಶದ ಜೈಲುಗಳಲ್ಲಿರುವವರಲ್ಲಿ ನಾಲ್ಕರಲ್ಲಿ ಸುಮಾರು ಮೂರು ಪಾಲು ವಿಚಾರಣಾಧೀನ ಬಂದಿಗಳು ಎಂಬುದನ್ನು ಸರ್ಕಾರದ ಅಂಕಿಅಂಶಗಳೇ ಹೇಳುತ್ತವೆ. ಈ ಸೀಮೆ ಅದರ ಅರ್ಥವನ್ನು ಹತ್ತಿರದಿಂದ ಕಂಡಿದೆ. ಕಾಡುಗಳ್ಳ ವೀರಪ್ಪನ್ ಪ್ರಕರಣಗಳಲ್ಲಿ ಹಿಡಿದ ಕಾಡಂಚಿನ ನೂರಕ್ಕೂ ಹೆಚ್ಚು ಮಂದಿ ವರ್ಷಗಟ್ಟಲೆ ಮೈಸೂರಿನ ಜೈಲಿನಲ್ಲಿದ್ದರು. 2001ರಲ್ಲಿ ಭಯೋತ್ಪಾದನಾ ತಡೆ ಕಾಯ್ದೆಯ (ಟಾಡಾ) ನ್ಯಾಯಾಲಯದ ತೀರ್ಪು ಬಂದಾಗ ಅವರಲ್ಲಿ ಬಹುಪಾಲು ಮಂದಿ ಖುಲಾಸೆಯಾದರು. ಉಳಿದವರಲ್ಲಿ ನಾಲ್ವರಿಗೆ 2004ರಲ್ಲಿ ಸುಪ್ರೀಂ ಕೋರ್ಟ್ ಮರಣದಂಡನೆ ವಿಧಿಸಿದ ಮೇಲೆ ಅವರನ್ನು ಐನೂರು ಕಿಲೋಮೀಟರಿಗೂ ದೂರದ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಇಡಲಾಗಿತ್ತು. 2014ರ ಜನವರಿ 21ರಂದು ಅವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದ ಶತ್ರುಘ್ನ ಚೌಹಾಣ್ ತೀರ್ಪು, ಗಲ್ಲಿಗೆ ಮೊದಲು ಮನೆಯವರ ಭೇಟಿಗೆ ಜೈಲು ಅವಕಾಶ ಮಾಡಿಕೊಡಲೇಬೇಕೆಂದು ಹೇಳಿತು. ಗಲ್ಲಿಗೆ ಹೋಗುವವನಿಗೇ ಈ ಹಕ್ಕು ತಪ್ಪುವುದಿಲ್ಲ ಎಂದಮೇಲೆ ಅಪರಾಧವೇ ಸಾಬೀತಾಗದವನಿಗೆ ಅರ್ಜಿಯ ಭಾಷೆಯಿಂದ ಅದು ತಪ್ಪುವುದು ಹೇಗೆ ಸರಿ?

ಭದ್ರತೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಬಂದಿಯೂ ಬಂದವರೂ ಆಡುವ ಮಾತು ಕಾವಲಿಗಿರುವವರಿಗೆ ತಿಳಿಯದಿದ್ದರೆ ಸಂಚು ನಡೆಯಬಹುದೆಂಬ ಅಂಜಿಕೆ ನಿರಾಧಾರವಲ್ಲ. ಅದಕ್ಕೆ ಪರಿಹಾರ ಆ ಭಾಷೆ ಬಲ್ಲ ಸಿಬ್ಬಂದಿ. ಕಾಸರಗೋಡಿನಲ್ಲಿ ಕನ್ನಡ-ಮಲಯಾಳ ಎರಡೂ ಬಲ್ಲವರಿಗೆಂದೇ ಗುಮಾಸ್ತ ಹುದ್ದೆಗಳನ್ನು ಕೇರಳ ಲೋಕಸೇವಾ ಆಯೋಗ ತುಂಬಿಕೊಂಡು ಬಂದಿದೆ. ಜೈಲಿಗೂ ಅಂಥವರನ್ನು ಕೊಡಲು ಅಡ್ಡಿಯಿಲ್ಲ. ಗಾಂಜಾ, ಮೊಬೈಲ್ ಒಳಸೇರದಂತೆ ತಡೆಯುವುದು ತಪಾಸಣೆಯ ಕೆಲಸ, ಅದನ್ನು ಯಾರೂ ಸಡಿಲಿಸಿ ಎನ್ನುತ್ತಿಲ್ಲ. ಕನ್ನಡ ನಾಡಿನ ಜೈಲಿನಲ್ಲಿ ಕನ್ನಡವೇ ನಡೆಯಲಿ ಎನ್ನುವ ನಮ್ಮವರಿಗೂ ಒಂದು ಮಾತು: ಮಾನಂತವಾಡಿಯಲ್ಲಿ ನಾವು ಕೇಳುವುದನ್ನು ಮೈಸೂರಿನಲ್ಲಿ ಕೊಡದಿದ್ದರೆ ನಮ್ಮ ಬೇಡಿಕೆಗೆ ಬೆಲೆಯಿರುವುದಿಲ್ಲ. ಕನ್ನಡದ ಜೊತೆಗೆ ಇನ್ನೊಂದು ಭಾಷೆಯ ನಮೂನೆ ಇಟ್ಟರೆ ಕನ್ನಡಕ್ಕೆ ಕುಂದೇನೂ ಬರುವುದಿಲ್ಲ.

ಕೆಲಸ ಶುರುವಾಗಲು ಹೊಸ ಕಾಯ್ದೆಯೇನೂ ಬೇಕಿಲ್ಲ. ಬಂಧನದಲ್ಲಿರುವವರಿಗೂ ಮಹಿಳೆಯರಿಗೂ ಉಚಿತ ಕಾನೂನು ನೆರವು ಸಿಗಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ನಂಜನಗೂಡು ಮತ್ತು ತಿ. ನರಸೀಪುರದ ತಾಲ್ಲೂಕು ಕಾನೂನು ಸೇವಾ ಸಮಿತಿಗಳು ಭೇಟಿಯ ಅರ್ಜಿಯ ಕನ್ನಡ-ಮಲಯಾಳ, ಕನ್ನಡ-ತಮಿಳು ನಮೂನೆಗಳನ್ನು ಸಿದ್ಧಪಡಿಸಿ, ಹೆಸರಿನ ವ್ಯತ್ಯಾಸಕ್ಕೆ ಒಂದು ದೃಢೀಕರಣ ಪತ್ರ ಕೊಡುವ ವ್ಯವಸ್ಥೆ ಮಾಡಲಿ. ಮನೆಯವರೊಬ್ಬರು ಹೊರರಾಜ್ಯದ ಜೈಲಿನಲ್ಲಿರುವ ಓದುಗರು ಸಂಕೋಚಪಟ್ಟು ಕೂರಬೇಡಿ: ಆಧಾರ್, ರೇಷನ್ ಕಾರ್ಡ್, ಪ್ರಕರಣದ ನಂಬರ್ ಹಿಡಿದು ನ್ಯಾಯಾಲಯದ ಆವರಣದಲ್ಲಿರುವ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ನಿಮ್ಮವರನ್ನು ನೋಡುವುದು ನಿಮ್ಮ ಹಕ್ಕು. ಅದನ್ನು ಕನ್ನಡದಲ್ಲೇ ಕೇಳಿ.