ಜಾತ್ರೆಗೆ ಹೋಗುವ ರೈಲು

ಲಚ್ಯಾಣ ನಿಲ್ದಾಣದಲ್ಲಿ ಬೆಳಗಿನ ಚಳಿ ಇನ್ನೂ ಬಿಟ್ಟಿಲ್ಲ. ಸೊಲ್ಲಾಪುರದ ಕಡೆಯಿಂದ ಗಾಡಿ ಬಂದು ನಿಂತದ್ದೇ ತಡ, ರುಮಾಲಿನ ಹಿರಿಯರು, ಇಳಕಲ್ ಸೀರೆಯ ಹೆಂಗಸರು, ಹುಡುಗರು ಎಲ್ಲರೂ ಒಟ್ಟಿಗೇ ಏರುತ್ತಾರೆ. ಸಂಕ್ರಾಂತಿ ಬಂತೆಂದರೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ.

ಇಂಡಿ ರೋಡ್ ದಾಟುತ್ತಲೇ ಬುತ್ತಿ ಬಿಚ್ಚಿಕೊಳ್ಳುತ್ತದೆ: ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ. "ತಗೋರಿ ಅಣ್ಣಾರ, ನಾಚಬ್ಯಾಡ್ರಿ" ಎಂದು ಎದುರಿನ ಅವ್ವ ಕೈಗಿಡುತ್ತಾಳೆ. ನಿಂಬಾಳ ಬಂದಾಗ ಒಬ್ಬ ಅಜ್ಜ ಕಿಟಕಿಯತ್ತ ತಿರುಗಿ ಕೈಮುಗಿಯುತ್ತಾನೆ. ಸಂತ ಗುರುದೇವ ರಾನಡೆಯವರು 1957ರಲ್ಲಿ ದೇಹ ಬಿಟ್ಟದ್ದು ಅಲ್ಲೇ. ಬಿಳಿಜೋಳದ ಹೊಲಗಳು ಹಿಂದೆ ಸರಿಯುತ್ತವೆ, ಗೋಳಗುಮ್ಮಟ ಕಣ್ಣಿಗೆ ಬೀಳುತ್ತದೆ.

ಜಾತ್ರೆಯಲ್ಲಿ ನಂದಿಕೋಲುಗಳು ಮುಂದೆ ಸಾಗುತ್ತಿವೆ. ಅತ್ತ ಮೈದಾನದಲ್ಲಿ ಭಾರ ಎತ್ತುವ ಸ್ಪರ್ಧೆ. ಮಣ್ಣು ಮೆತ್ತಿದ ಅಂಗೈ ಉಜ್ಜಿಕೊಂಡು ಹುಡುಗನೊಬ್ಬ ಸಂಗ್ರಾಣಿ ಕಲ್ಲಿನ ಮುಂದೆ ಕೂರುತ್ತಾನೆ. "ಉಸರ ಹಿಡಿ ತಮ್ಮಾ, ಎತ್ತ!" ಕಲ್ಲು ಮೊಣಕಾಲಿಗೆ ಬರುತ್ತದೆ, ಎದೆಗೆ ಬರುತ್ತದೆ, ಹೆಗಲೇರುತ್ತದೆ. ಜನರ ಕೂಗಿಗೆ ಧೂಳೇ ಎದ್ದಂತಾಗುತ್ತದೆ. ಕುಸ್ತಿ ಕಣದಲ್ಲಿ ಹಲಗಿ ಬಿಸಿಯೇರಿದೆ. ಜಂಗೀ ನಿಕಾಲಿ ಕುಸ್ತಿಯೆಂದರೆ ಒಬ್ಬನ ಬೆನ್ನು ಮಣ್ಣಿಗೆ ತಾಗುವವರೆಗೂ ಬಿಡುವಿಲ್ಲ. ಗೆದ್ದವನು ಮೊದಲು ಹಿರಿಯರ ಕಾಲಿಗೆರಗುತ್ತಾನೆ.

ಈ ಊರಿನ ಕಸುವು ಕಣಕ್ಕಷ್ಟೇ ಸೀಮಿತವಲ್ಲ. ಇಲ್ಲಿನ ರಾಜೇಶ್ವರಿ ಗಾಯಕವಾಡ್ 2017ರ ಮಹಿಳಾ ಕ್ರಿಕೆಟ್ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಬರೇ 15 ರನ್ ಕೊಟ್ಟು 5 ವಿಕೆಟ್ ಕಿತ್ತರು. ಭಾರತ ಸೆಮಿಫೈನಲ್ ತಲುಪಿತು.

ಮಧ್ಯಾಹ್ನ ಗೋಳಗುಮ್ಮಟದ ಮೆಟ್ಟಿಲು ಏರಿ. ಇಕ್ಕಟ್ಟಾದ ಸುತ್ತುದಾರಿಯಲ್ಲಿ ಮೊಣಕಾಲು ನೋಯುತ್ತವೆ. ಮೇಲೆ ತಲುಪಿ ಒಳಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ನಿಂತವರಿಗೆ ಅದು ಸ್ಪಷ್ಟವಾಗಿ ಕೇಳುತ್ತದೆ. ಹೊರಗಿನಿಂದ ಅಳೆದರೆ ಸುಮಾರು 44 ಮೀಟರ್ ಅಗಲದ ಗುಮ್ಮಟ. ಕೆಳಗೆ ಆಸರೆಗೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಛೇದಿಸುವ ಕಮಾನುಗಳೇ ಅದರ ಭಾರ ಹೊತ್ತಿವೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹ ಇದರಡಿಯಲ್ಲಿ ಮಲಗಿದ್ದಾನೆ. ಸಂಗೀತಕ್ಕೆ ಮನಸೋತು 'ಕಿತಾಬ್-ಎ-ನವರಸ್' ಬರೆದ ಅವನ ತಂದೆ ಎರಡನೇ ಇಬ್ರಾಹಿಂ ಇರುವುದು ಊರಿನ ಪಶ್ಚಿಮಕ್ಕೆ, ಇಬ್ರಾಹಿಂ ರೋಜಾದಲ್ಲಿ.

ಕಲ್ಲು ಎತ್ತುವವನಿಗೂ ಕಲ್ಲಿನಲ್ಲಿ ಕಟ್ಟುವವನಿಗೂ ಬೇಕಾದದ್ದು ಭಾರದ ಅರಿವು. ವಿಜಯಪುರ ಇವೆರಡನ್ನೂ ಒಂದೇ ದಿನದಲ್ಲಿ ತೋರಿಸುತ್ತದೆ. ಬರುವ ಸಂಕ್ರಾಂತಿಗೆ ನಿಮ್ಮ ಮಕ್ಕಳನ್ನು ಗುಮ್ಮಟ ತೋರಿಸಿ ಹಾಗೇ ಕರೆತರಬೇಡಿ, ಕುಸ್ತಿ ಕಣದ ಮಣ್ಣಿನವರೆಗೂ ಕರೆದೊಯ್ಯಿರಿ.