ನೆಲ ಬಿಟ್ಟ ಅರ್ಧ ಸೆಕೆಂಡು

ಸರಕಾರಿ ನೌಕರನ ಬದುಕಿನಲ್ಲಿ ಬರುವ ಛಾಯಾಚಿತ್ರಗಳು ಬಹುಮಟ್ಟಿಗೆ ಅಲುಗಾಡದ ಚಿತ್ರಗಳು. ಸೇವಾಪುಸ್ತಕದ ಮೊದಲ ಪುಟಕ್ಕೆ ಅಂಟಿಸಿದ ಮುಖ, ಕೊರಳಲ್ಲಿ ತೂಗುವ ಗುರುತಿನ ಚೀಟಿಯ ಮುಖ, ವರ್ಗಾವಣೆಯ ದಿನ ಶಾಲು ಹೊದ್ದು ಮೊದಲ ಸಾಲಿನಲ್ಲಿ ಕುಳಿತ ಮುಖ. ಅವುಗಳಲ್ಲೆಲ್ಲ ನಾವು ಉಸಿರು ಬಿಗಿಹಿಡಿದವರಂತೆ ಕಾಣುತ್ತೇವೆ. ಕಳೆದ ನಾಲ್ಕು ವರ್ಷಗಳಿಂದ ಭಾನುವಾರದ ಬೆಳಗುಗಳಲ್ಲಿ ನಾನು ತೆಗೆಯುತ್ತ ಬಂದಿರುವ ಚಿತ್ರಗಳು ಇದಕ್ಕೆ ತೀರ ಭಿನ್ನವಾದವು. ಅವುಗಳಲ್ಲಿ ಯಾರೂ ನೆಟ್ಟಗೆ ನಿಂತಿಲ್ಲ. ಒಬ್ಬನ ಮೊಣಕಾಲು ಎದೆಗೆ ತಾಗಿದೆ, ಇನ್ನೊಬ್ಬಳ ಕೈಗಳು ಹಕ್ಕಿಯ ರೆಕ್ಕೆಯಂತೆ ಹರಡಿವೆ. ಕೆಲವು ಚಿತ್ರಗಳಲ್ಲಿ ಮನುಷ್ಯನಿಗೂ ಭೂಮಿಗೂ ನಡುವೆ ಒಂದು ಮೊಳದಷ್ಟು ಬರಿಯ ಗಾಳಿಯಿದೆ.

ನಾವಿರುವುದು ದೆಹಲಿಯ ಲೋಧಿ ಕಾಲೊನಿಯಲ್ಲಿ. ಬ್ರಿಟಿಷರು ತಮ್ಮ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, 1940ರ ದಶಕದಲ್ಲಿ, ಸರಕಾರಿ ನೌಕರರಿಗೆಂದು ಕಟ್ಟಿದ ವಸತಿಯಿದು. ಎತ್ತರದ ಕಮಾನುಗಳು, ಅಗಲವಾದ ಒಳರಸ್ತೆಗಳು, ಬೇವು ನೇರಳೆಗಳ ನೆರಳು. ಸುಮಾರು ಹತ್ತು ವರ್ಷಗಳಿಂದೀಚೆಗೆ ದೇಶವಿದೇಶಗಳ ಕಲಾವಿದರು ಬಂದು ಇಲ್ಲಿನ ಗೋಡೆಗಳ ಮೇಲೆ ದೊಡ್ಡ ದೊಡ್ಡ ಭಿತ್ತಿಚಿತ್ರಗಳನ್ನು ಬರೆದಿದ್ದಾರೆ. ಹಗಲಿನಲ್ಲಿ ಅವುಗಳೆದುರು ಮದುವೆಗೆ ಮುನ್ನಿನ ಫೋಟೋ ತೆಗೆಸಿಕೊಳ್ಳುವ ಜೋಡಿಗಳದ್ದೇ ಸಂದಣಿ. ಭಾನುವಾರ ಬೆಳಗಿನ ಆರರಿಂದ ಎಂಟರವರೆಗೆ ಮಾತ್ರ ಈ ಬೀದಿಗಳು ಹಾಲಿನವರಿಗೆ, ನಾಯಿಗಳಿಗೆ ಮತ್ತು ನಮಗೆ ಸೇರಿದವು.

ನಾವು ಎಂದರೆ ಐದು ಜನ. ಲೆಕ್ಕಪತ್ರ ವಿಭಾಗದಲ್ಲಿರುವ ಧಾರವಾಡದ ಗೆಳೆಯನೊಬ್ಬ. ನಲವತ್ತೊಂದನೆಯ ವಯಸ್ಸಿನಲ್ಲಿ, ವೈದ್ಯರು ನಡೆಯಲು ಹೇಳಿದರೆ ಉರುಳಲು ತೊಡಗಿದವನು. ಮಂಗಳೂರಿನ ಕಡೆಯ ಕಾಲೇಜು ಅಧ್ಯಾಪಕಿ. ಬಾಲ್ಯದಲ್ಲಿ ರಿಂಕಿನಲ್ಲಿ ಕಲಿತದ್ದನ್ನು ದೇಹ ಮರೆತಿಲ್ಲವೆಂದು ಇಲ್ಲಿ ಬಂದು ಕಂಡುಕೊಂಡವರು. ಅವರ ಹದಿನಾರರ ಮಗಳು. ಕಲಬುರಗಿ ಜಿಲ್ಲೆಯ ಇಪ್ಪತ್ಮೂರರ ಹುಡುಗ. ರಾತ್ರಿಪಾಳಿಯಲ್ಲಿ ಗೋದಾಮೊಂದರಲ್ಲಿ ಪಾರ್ಸೆಲುಗಳನ್ನು ವಿಂಗಡಿಸುತ್ತಾನೆ. ಐದನೆಯವನು ನಾನು. ನನ್ನ ಕಾಲಿಗೆ ಚಕ್ರಗಳಿಲ್ಲ, ಕೈಯಲ್ಲಿ ಕ್ಯಾಮೆರಾ ಇದೆ. ನಾವು ಮೊದಲು ಕೂಡಿದ್ದು ದೆಹಲಿ ಕರ್ನಾಟಕ ಸಂಘದ ಸಮಾರಂಭವೊಂದರ ಊಟದ ಸಾಲಿನಲ್ಲಿ. ಆ ಹುಡುಗನ ಚೀಲದಿಂದ ಹೊರಗೆ ಇಣುಕುತ್ತಿದ್ದ ಸ್ಕೇಟಿನ ಚಕ್ರವೇ ಪರಿಚಯಕ್ಕೆ ಕಾರಣವಾಯಿತು. ರಾಯಭಾರ ಕಚೇರಿಯ ಕುಟುಂಬವೊಂದು ತಮ್ಮ ದೇಶಕ್ಕೆ ಮರಳುವಾಗ ಮಾರಿದ ಹಳೆಯ ಜೋಡಿಯನ್ನು ಅವನು ಒಂದು ತಿಂಗಳ ಉಳಿತಾಯ ಸುರಿದು ಕೊಂಡಿದ್ದ.

ಈ ಪಾದರಕ್ಷೆಯ ಕಥೆ ಸ್ವಾರಸ್ಯವಾದದ್ದು. 18ನೆಯ ಶತಮಾನದ ಲಂಡನ್ನಿನಲ್ಲಿ ಜಾನ್ ಜೋಸೆಫ್ ಮರ್ಲಿನ್ ಎಂಬ ಬೆಲ್ಜಿಯಂ ಮೂಲದ ಯಂತ್ರಕುಶಲಿ ಕಾಲಿಗೆ ಚಕ್ರ ಕಟ್ಟಿಕೊಂಡು, ಪಿಟೀಲು ನುಡಿಸುತ್ತ ಒಂದು ಔತಣಕೂಟಕ್ಕೆ ನುಗ್ಗಿದನಂತೆ. ನಿಲ್ಲಿಸುವ ಉಪಾಯ ಕಾಣದೆ ಬೆಲೆಬಾಳುವ ಕನ್ನಡಿಯೊಂದಕ್ಕೆ ಢಿಕ್ಕಿ ಹೊಡೆದನಂತೆ. 1863ರಲ್ಲಿ ಅಮೆರಿಕದ ಜೇಮ್ಸ್ ಪ್ಲಿಂಪ್ಟನ್ ನಾಲ್ಕು ಚಕ್ರಗಳನ್ನು ಎರಡೆರಡಾಗಿ ಜೋಡಿಸಿ, ವಾಲಿದರೆ ತಿರುಗುವಂಥ ಸ್ಕೇಟನ್ನು ಮಾಡಿದ. ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಕಂಡದ್ದು ಅದರ ಕಬ್ಬಿಣದ ವಂಶಜರನ್ನು. ಚಕ್ರಗಳು ಒಂದೇ ಸಾಲಿನಲ್ಲಿರುವ ಇನ್‌ಲೈನ್ ಸ್ಕೇಟು ಜನಪ್ರಿಯವಾದದ್ದು 1980ರ ನಂತರ. ಮಿನಿಯಾಪೊಲಿಸ್‌ನ ಓಲ್ಸನ್ ಸೋದರರು ಬೇಸಿಗೆಯಲ್ಲೂ ಐಸ್ ಹಾಕಿಯ ಅಭ್ಯಾಸ ನಡೆಯಲೆಂದು ಅದನ್ನು ತಿದ್ದಿ ರೂಪಿಸಿದರು. ಅವರಿಂದ ಆರಂಭವಾದ ಕಂಪನಿಯ ಹೆಸರು ರೋಲರ್‌ಬ್ಲೇಡ್. ಜೆರಾಕ್ಸ್ ಎಂಬ ಕಂಪನಿಯ ಹೆಸರು ನಮ್ಮ ಕಚೇರಿಗಳಲ್ಲಿ ಕ್ರಿಯಾಪದವಾದಂತೆ ಇದೂ ಆಟದ ಹೆಸರೇ ಆಗಿಬಿಟ್ಟಿತು.

ಬೀದಿಯ ಆಟಕ್ಕೆ ಬಳಸುವ ಸ್ಕೇಟುಗಳ ಚಕ್ರಗಳು ಚಿಕ್ಕವು, ಸುಮಾರು 60 ಮಿಲಿಮೀಟರ್ ಅಡ್ಡಳತೆಯವು. ನಡುವಿನ ಎರಡು ಚಕ್ರಗಳ ಮಧ್ಯೆ ಒಂದು ತೋಡು ಇರುತ್ತದೆ. ಅಂಗಾಲಿನ ಅಂಚಿನಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ತಟ್ಟೆ. ಓಡಿಬಂದವನು ಜಿಗಿದು, ಕಬ್ಬಿಣದ ಕೈಪಿಡಿಯ ಮೇಲೋ ಕಲ್ಲುಕಟ್ಟೆಯ ಅಂಚಿನ ಮೇಲೋ ಆ ತೋಡನ್ನು ಅಥವಾ ತಟ್ಟೆಯನ್ನು ಊರಿ ಜಾರುತ್ತಾನೆ. ಚಕ್ರದ ಆಟದಲ್ಲಿ ಚಕ್ರಕ್ಕೇ ಕೆಲಸವಿಲ್ಲದ ಗಳಿಗೆಯದು. 1995ರಲ್ಲಿ ಎಕ್ಸ್ ಗೇಮ್ಸ್ ಆರಂಭವಾದಾಗ ಈ ಆಟಕ್ಕೆ ಅಲ್ಲಿ ಜಾಗವಿತ್ತು. ಮುಂದೆ ಅದನ್ನು ಕೈಬಿಟ್ಟರು. ದೂರದರ್ಶನ ಮರೆತ ಮೇಲೂ ಆಟ ಬೀದಿಗಳಲ್ಲಿ ಉಳಿಯಿತು. ನಮ್ಮ ದೇಶದಲ್ಲಿ ಸ್ಕೇಟಿಂಗ್ ಎಂದರೆ ಮುಖ್ಯವಾಗಿ ವೇಗದ ಓಟ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 3000 ಮೀಟರ್ ರಿಲೇಯಲ್ಲಿ ನಮ್ಮ ಪುರುಷರ ತಂಡ, ಮಹಿಳೆಯರ ತಂಡ ಎರಡೂ ಕಂಚು ಗೆದ್ದವು. 2025ರಲ್ಲಿ ತಮಿಳುನಾಡಿನ ಆನಂದಕುಮಾರ್ ವೇಲ್ಕುಮಾರ್ 1000 ಮೀಟರ್ ಓಟದಲ್ಲಿ ವಿಶ್ವ ಚಾಂಪಿಯನ್ ಆದರು. ಆ ಸುದ್ದಿ ಬಂದ ವಾರ ನಮ್ಮ ಕಲಬುರಗಿಯ ಹುಡುಗ ಎಲ್ಲರಿಗೂ ಚಹಾ ಕುಡಿಸಿದ.

ಓಡುವ ವಸ್ತುವನ್ನು ಹಿಡಿಯುವುದು ಒಂದು ಬಗೆಯ ಅಂಕಗಣಿತ. ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಬರುವವನು ಸೆಕೆಂಡಿಗೆ 5 ಮೀಟರ್ ದಾಟುತ್ತಾನೆ. ಶಟರು 1/1000 ಸೆಕೆಂಡು ಮಾತ್ರ ತೆರೆದರೆ ಆ ಅವಧಿಯಲ್ಲಿ ಅವನು ಸರಿಯುವುದು ಬರೀ 5 ಮಿಲಿಮೀಟರ್. ಚಿತ್ರದಲ್ಲಿ ಅಂಗಿಯ ಗುಂಡಿಯೂ ಸ್ಪಷ್ಟ. 1/30 ಸೆಕೆಂಡು ತೆರೆದರೆ ಹದಿನೇಳು ಸೆಂಟಿಮೀಟರಿನಷ್ಟು ಸರಿಯುತ್ತಾನೆ. ಆಗ ಅವನ ಚಲನೆಗೆ ಸಮನಾಗಿ ಕ್ಯಾಮೆರಾವನ್ನೂ ತಿರುಗಿಸಬೇಕು. ಮುಖ ನಿಲ್ಲುತ್ತದೆ, ಭಿತ್ತಿಚಿತ್ರದ ನೀಲಿ ಹಳದಿಗಳು ಹಿಂದೆ ನದಿಯಂತೆ ಹರಿಯುತ್ತವೆ. ಅರ್ಧ ಮೀಟರ್ ಎತ್ತರ ಜಿಗಿದವನು ಗಾಳಿಯಲ್ಲಿ ಇರುವುದು ಹೆಚ್ಚುಕಡಿಮೆ 0.6 ಸೆಕೆಂಡು. ಅದರ ನಟ್ಟನಡುವೆ, ಏರುವುದು ಮುಗಿದು ಇಳಿಯುವುದು ಇನ್ನೂ ತೊಡಗದಿರುವಲ್ಲಿ, ದೇಹ ತೂಕವನ್ನು ಮರೆತಂತೆ ತೋರುತ್ತದೆ. ಅಲ್ಲಿ ಗುಂಡಿ ಒತ್ತಬೇಕು. ಕಣ್ಣಿಗೆ ಕಂಡ ಮೇಲೆ ಒತ್ತಿದರೆ ತಡವಾಗುತ್ತದೆ, ಆದ್ದರಿಂದ ಚಕ್ರದ ಸದ್ದನ್ನು ಕೇಳಿ ಒತ್ತುತ್ತೇನೆ. ರಸ್ತೆಯ ಮೇಲಿನ ಗರಗರ ಸದ್ದು ತಟ್ಟನೆ ನಿಂತು ಮೌನವಾದಾಗ ಅವನು ನೆಲ ಬಿಟ್ಟಿದ್ದಾನೆ ಎಂದರ್ಥ.

1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಕ್ಯಾಲಿಫೋರ್ನಿಯಾದಲ್ಲಿ ಸಾಲಾಗಿ ಕ್ಯಾಮೆರಾಗಳನ್ನಿಟ್ಟು, ಓಡುವ ಕುದುರೆಯ ನಾಲ್ಕೂ ಗೊರಸುಗಳು ಒಂದು ಕ್ಷಣ ಏಕಕಾಲಕ್ಕೆ ನೆಲ ಬಿಟ್ಟಿರುತ್ತವೆ ಎಂದು ತೋರಿಸಿದ. ಕುದುರೆಯ ಜೊತೆ ಸಾವಿರಾರು ವರ್ಷ ಬದುಕಿದ ಮನುಷ್ಯನಿಗೆ ಅದು ಖಚಿತವಾಗಿ ತಿಳಿದಿರಲಿಲ್ಲ. ಛಾಯಾಗ್ರಹಣಕ್ಕೆ ಅಂದಿನಿಂದಲೂ ನೆಲ ಬಿಟ್ಟ ಕ್ಷಣದ ಮೇಲೆ ಮೋಹ.

ಸ್ಕೇಟಿಂಗ್ ಛಾಯಾಗ್ರಾಹಕರಲ್ಲಿ ಹಲವರು ಪಾಲಿಸುವ ಒಂದು ನಿಯಮವಿದೆ, ನಾವೂ ಪಾಲಿಸುತ್ತೇವೆ. ಎಲ್ಲಿಂದ ಹಾರಿದ, ಎಲ್ಲಿಗೆ ಇಳಿಯುತ್ತಾನೆ ಎಂಬುದೆರಡೂ ಚೌಕಟ್ಟಿನಲ್ಲಿ ಕಾಣಬೇಕು. ಮತ್ತು ಸರಿಯಾಗಿ ಇಳಿದು ಮುಂದೆ ಉರುಳಿದರೆ ಮಾತ್ರ ಆ ಚಿತ್ರಕ್ಕೆ ಬೆಲೆ. ಬಿದ್ದವನ ಹಾರಾಟ ಎಷ್ಟೇ ಸುಂದರವಾಗಿದ್ದರೂ ಅದು ಲೆಕ್ಕಕ್ಕಿಲ್ಲ. ನೋಡುವವರಿಗೆ ಈ ವ್ಯತ್ಯಾಸ ಎಂದೂ ತಿಳಿಯುವುದಿಲ್ಲ. ತೆಗೆದವನಿಗೂ ಹಾರಿದವನಿಗೂ ತಿಳಿದಿರುತ್ತದೆ, ಅಷ್ಟು ಸಾಕು.

ಇಂಗ್ಲಿಷ್ ಎಂ.ಎ. ಓದುವಾಗ ವರ್ಡ್ಸ್‌ವರ್ತ್‌ನ ‘ದಿ ಪ್ರಿಲ್ಯೂಡ್’ ಕಾವ್ಯದ ಮೊದಲ ಭಾಗದಲ್ಲಿ ಸ್ಕೇಟಿಂಗಿನ ಪ್ರಸಂಗವನ್ನು ಓದಿದ್ದೆ. ಹಿಮಗಟ್ಟಿದ ಸರೋವರದ ಮೇಲೆ ಗೆಳೆಯರೊಡನೆ ಜಾರುತ್ತಿದ್ದ ಬಾಲಕ ಒಮ್ಮೆಲೇ ಹಿಮ್ಮಡಿ ಊರಿ ನಿಂತುಬಿಡುತ್ತಾನೆ. ಅವನು ನಿಂತರೂ ಸುತ್ತಲ ಬಂಡೆಗಳು ತಿರುಗುತ್ತಲೇ ಇರುತ್ತವೆ. ಹೆಪ್ಪುಗಟ್ಟಿದ ಕೆರೆಯನ್ನೇ ಕಾಣದ ನಾವು ಮೈಸೂರಿನ ಸೆಕೆಯಲ್ಲಿ ಕುಳಿತು ಅದರ ಮೇಲೆ ಟಿಪ್ಪಣಿ ಬರೆದೆವು. ಆ ಸಾಲುಗಳು ನನಗೆ ಅರ್ಥವಾದದ್ದು ಈ ಕಾಲೊನಿಯಲ್ಲಿ. ಅಧ್ಯಾಪಕಿಯ ಮಗಳು ಏಳೆಂಟು ಸುತ್ತು ತಿರುಗಿ ನಿಂತು, ಬೇವಿನ ಮರವನ್ನು ಹಿಡಿದುಕೊಂಡು, “ಅಂಕಲ್, ಮರ ಇನ್ನೂ ನಿಂತಿಲ್ಲ” ಎಂದು ನಕ್ಕ ದಿನ.

ಬೀದಿ ಯಾರದು ಎಂಬ ಪ್ರಶ್ನೆ ಪ್ರತಿವಾರವೂ ಎದುರಾಗುತ್ತದೆ. ಕನಾಟ್ ಪ್ಲೇಸಿನ ಬಿಳಿಯ ಕಂಬಗಳ ಪಡಸಾಲೆಯಲ್ಲಿ ಬೆಳಗಿನ ಓರೆಬಿಸಿಲು ಬಿದ್ದಾಗ ಅದಕ್ಕಿಂತ ಚೆಲುವಾದ ಹಿನ್ನೆಲೆ ನನಗೆ ಬೇರೆ ಕಂಡಿಲ್ಲ. ಆದರೆ ಅಂಗಡಿಯೊಂದರ ಕಾವಲುಗಾರ ಸೀಟಿ ಊದುತ್ತ ಬರುತ್ತಾನೆ. ಅವನೂ ಬಿಹಾರದ ಯಾವುದೋ ಜಿಲ್ಲೆಯಿಂದ ಬಂದವನು. ಕಲ್ಲಿನ ಅಂಚು ಕೆತ್ತಿಹೋದರೆ ಸಂಬಳಕ್ಕೆ ಕತ್ತರಿ ಬೀಳುವುದು ಅವನಿಗೇ. ನಾವು ವಾದಿಸುವುದಿಲ್ಲ. ಕಾಲೊನಿಯಲ್ಲಿ ಹಿರಿಯರೊಡನೆ ಕುಳಿತು ನಾಲ್ಕು ಮಾತು ಗೊತ್ತುಮಾಡಿಕೊಂಡಿದ್ದೇವೆ: ಆರಕ್ಕೆ ಮುಂಚೆ ಸದ್ದಿಲ್ಲ, ಭಿತ್ತಿಚಿತ್ರದ ಗೋಡೆಗೆ ಕೈಕಾಲು ತಾಗಿಸುವಂತಿಲ್ಲ, ಮೆಟ್ಟಿಲಿನ ಅಂಚಿಗೆ ಮೇಣ ಸವರುವಂತಿಲ್ಲ, ಬೇರೆಯವರ ಮಕ್ಕಳ ಚಿತ್ರವನ್ನು ತಂದೆತಾಯಿಯರನ್ನು ಕೇಳದೆ ತೆಗೆಯುವಂತಿಲ್ಲ. ಜಾರುವುದಕ್ಕೆ ಉದ್ಯಾನದ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಬ್ಬಿಣದ ಕೊಳವೆಯನ್ನು ಇಟ್ಟಿಗೆಗಳ ಮೇಲೆ ಕೂರಿಸಿಕೊಂಡಿದ್ದೇವೆ.

ನನ್ನ ಸಂಗ್ರಹದಲ್ಲಿರುವ ಅತ್ಯುತ್ತಮ ಚಿತ್ರ ಒಂದೂವರೆ ವರ್ಷ ಯಾರಿಗೂ ಕಾಣದೆ ಉಳಿಯಿತು. ಫೆಬ್ರವರಿಯ ಒಂದು ಬೆಳಗು. ಮಂಜು ಆಗಷ್ಟೇ ಹರಿದಿತ್ತು. ಕಲಬುರಗಿಯ ಹುಡುಗ ಐದು ಮೆಟ್ಟಿಲುಗಳನ್ನು ಒಂದೇ ನೆಗೆತಕ್ಕೆ ದಾಟಿದ. ನಾನು ಕೆಳಗೆ ನೆಲಕ್ಕೆ ಒರಗಿ ಅಗಲಕೋನದ ಮಸೂರದಲ್ಲಿ ನೋಡುತ್ತಿದ್ದೆ. ಹಿಂದೆ ಕಮಾನು, ಕಮಾನಿನೊಳಗೆ ಬೆಳಕು, ಬೆಳಕಿನೊಳಗೆ ಅವನು. ಇಳಿದ, ಉರುಳಿದ, ತಿರುಗಿ ಬಂದು ಕ್ಯಾಮೆರಾದ ಪರದೆಯನ್ನು ನೋಡಿದ. ಬಹಳ ಹೊತ್ತು ನೋಡಿದ. ನಂತರ, “ಸರ್, ಇದು ಅವ್ವಗ ಕಳಸೂ ಹಂಗಿಲ್ರಿ. ಎಲ್ಲೂ ಹಾಕಬ್ಯಾಡ್ರಿ. ಊರಾಗ ಯಾರರೆ ನೋಡಿ ತೋರಸ್ತಾರ” ಎಂದ.

ಕಾರಣವನ್ನು ಅವನು ಚಹಾದಂಗಡಿಯಲ್ಲಿ ಹೇಳಿದ. ಅವನ ತಂದೆ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದವರು. ಕಟ್ಟಿದ ಅಟ್ಟಣಿಗೆಯಿಂದ ಬಿದ್ದು ತೀರಿಕೊಂಡರು. ಇವನಿಗಾಗ ಒಂಬತ್ತು ವರ್ಷ. ಮಗ ದೂರದ ಊರಿಗೆ ಹೋಗುತ್ತೇನೆಂದಾಗ ತಾಯಿ ಕೇಳಿದ್ದು ಒಂದೇ ಮಾತು: ಕೆಲಸ ನೆಲದ ಮೇಲಿನದೇ ತಾನೆ? ವಾರಕ್ಕೊಂದು ಫೋಟೋ ಕಳುಹಿಸುವಂತೆ ಹೇಳಿದ್ದಳು. ಅವನು ಕಳುಹಿಸುತ್ತಲೂ ಇದ್ದ. ಗೋದಾಮಿನ ಮುಂದೆ ನಿಂತದ್ದು, ಇಂಡಿಯಾ ಗೇಟಿನ ಮುಂದೆ ನಿಂತದ್ದು, ನನ್ನ ಕೋಟು ತೊಟ್ಟು ನಿಂತದ್ದು. ಎಲ್ಲದರಲ್ಲೂ ಕಾಲು ಕಾಣುವಂತೆ ತೆಗೆಯಲು ನನಗೆ ಹೇಳುತ್ತಿದ್ದ. ಹೊಸ ಬೂಟಿನ ಹೆಮ್ಮೆಯಿರಬಹುದೆಂದು ನಾವು ಅವನನ್ನು ಕೆಣಕುತ್ತಿದ್ದೆವು.

ಹೊರನಾಡಿನಲ್ಲಿರುವ ನಮಗೆಲ್ಲ ಇದು ಹೊಸತಲ್ಲ. ಊರಿಗೆ ಕಳುಹಿಸುವ ಚಿತ್ರಗಳನ್ನು ನಾವೂ ಆರಿಸಿಯೇ ಕಳುಹಿಸುತ್ತೇವೆ. ಜ್ವರದ ಮುಖವನ್ನು ಕಳುಹಿಸುವುದಿಲ್ಲ, ಹೊಗೆ ತುಂಬಿದ ನವೆಂಬರಿನ ಆಕಾಶವನ್ನು ಕಳುಹಿಸುವುದಿಲ್ಲ. ಹಬ್ಬದ ಹೋಳಿಗೆಯನ್ನು ಕಳುಹಿಸುತ್ತೇವೆ. ಅವರೂ ಹಾಗೆಯೇ ಕೈಕಾಲು ನೋವಿನ ಸುದ್ದಿಯನ್ನು ಬಿಟ್ಟು ಮಳೆಯ ಸುದ್ದಿಯನ್ನು ಹೇಳುತ್ತಾರೆ. ಆದರೆ ಆ ಹುಡುಗನ ವಿಷಯದಲ್ಲಿ ಅಡಗಿಸಿಟ್ಟದ್ದು ಕಷ್ಟವನ್ನಲ್ಲ, ಅವನ ಬದುಕಿನ ಅತಿ ದೊಡ್ಡ ಸಂತೋಷವನ್ನು. ಹನ್ನೆರಡು ಗಂಟೆ ಪೆಟ್ಟಿಗೆ ಎತ್ತಿಟ್ಟ ಮೇಲೆ ಅವನು ತನ್ನವನಾಗುತ್ತಿದ್ದುದು ಆ ಅರ್ಧ ಸೆಕೆಂಡಿನಲ್ಲಿ. ಅದನ್ನು ತಾಯಿ ಮಾತ್ರ ನೋಡುವಂತಿರಲಿಲ್ಲ.

ಕಳೆದ ದಸರೆಗೆ ರಜೆ ಸಿಕ್ಕಾಗ ಆ ಚಿತ್ರದ ಒಂದು ದೊಡ್ಡ ಪ್ರತಿ ಬೇಕೆಂದ. ಫೋನಿನಲ್ಲಿ ಕಳುಹಿಸಬಹುದಲ್ಲ ಎಂದು ಧಾರವಾಡದ ಗೆಳೆಯ ಕೇಳಿದ. “ಬ್ಯಾಡ್ರಿ. ಅಕಿ ಇದನ್ನ ನೋಡೂ ಹೊತ್ತಿಗೆ ನಾ ಅಕಿ ಮುಂದ ನಿಂತಿರಬೇಕ್ರಿ” ಎಂದ. ಹನ್ನೆರಡು ಇಂಚಿಗೆ ಹದಿನೆಂಟು ಇಂಚು ಅಳತೆಯ ಪ್ರತಿ ಮಾಡಿಸಿ, ಸುರುಳಿ ಸುತ್ತಿ, ಹಳೆಯ ಕ್ಯಾಲೆಂಡರಿನ ಕೊಳವೆಯಲ್ಲಿ ಹಾಕಿಕೊಟ್ಟೆ. ಕರ್ನಾಟಕ ಎಕ್ಸ್‌ಪ್ರೆಸ್ಸಿನ ಕಿಟಕಿಯೊಳಗಿಂದ ಅದನ್ನು ಮೇಲೆತ್ತಿ ತೋರಿಸಿದ.

ಮರಳಿ ಬಂದಮೇಲೆ ಅವನು ಹೇಳಿದ್ದು ಹೀಗೆ. ತಾಯಿ ಚಿತ್ರವನ್ನು ನೋಡಿದಳು, ಅವನನ್ನು ನೋಡಿದಳು, ಅವನ ಕಾಲುಗಳನ್ನು ಮುಟ್ಟಿ ನೋಡಿದಳು. ಬೈಯಲಿಲ್ಲ, ಹೊಗಳಲೂ ಇಲ್ಲ. ಬಹಳ ಹೊತ್ತಿನ ನಂತರ, “ಆಗ ಕೆಳಗ ಯಾರರೆ ಇದ್ರೇನು?” ಎಂದು ಕೇಳಿದಳು. “ಸರ್ ಇದ್ರವ್ವ, ಫೋಟೋ ತಗಿಯಾಕತ್ತಿದ್ರು” ಎಂದನಂತೆ. ಚಿತ್ರ ಈಗ ಅವರ ಮನೆಯಲ್ಲಿದೆ. ಗೋಡೆಗೆ ಹಾಕಿಲ್ಲ; ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟಿದ್ದಾಳೆ. ಬೀಳುವ ಭಯ ಅವಳಿಗೆ ಹೋಗಿಲ್ಲ, ಹೋಗಬೇಕೆಂದು ಅವನೂ ಬಯಸಿಲ್ಲ. ವಾರದ ಫೋಟೋ ಇಂದಿಗೂ ಕಾಲು ಕಾಣುವಂತೆಯೇ ಹೋಗುತ್ತದೆ. ಈಗ ಒಮ್ಮೊಮ್ಮೆ ಆ ಕಾಲಿನಲ್ಲಿ ಸ್ಕೇಟು ಇರುತ್ತದೆ.

ಅಂದಿನಿಂದ ನಾನು ನಿಲ್ಲುವ ಜಾಗ ಕೊಂಚ ಬದಲಾಗಿದೆ. ಚಿತ್ರಕ್ಕೆ ಒಳ್ಳೆಯ ಕೋನ ಇಳಿಯುವ ಜಾಗದಿಂದ ದೂರದಲ್ಲಿದ್ದರೂ, ಓಡಿ ಕೈಚಾಚಬಹುದಾದಷ್ಟು ಹತ್ತಿರ ಇರುತ್ತೇನೆ. ಏಪ್ರಿಲಿನಲ್ಲಿ ನನಗೆ ವರ್ಗಾವಣೆ ಆಗುವುದು ಬಹುತೇಕ ಖಚಿತ. ಧಾರವಾಡದ ಗೆಳೆಯನಿಗೆ ಕ್ಯಾಮೆರಾ ಕಲಿಸುತ್ತಿದ್ದೇನೆ. ಲೆಕ್ಕದವನಾದ್ದರಿಂದ ಶಟರಿನ ಅಂಕಗಣಿತ ಅವನಿಗೆ ಬೇಗ ಹಿಡಿಸಿತು. ಸದ್ದು ನಿಲ್ಲುವುದನ್ನು ಕೇಳಿಸಿಕೊಳ್ಳುವುದು ಇನ್ನೂ ಬರಬೇಕಾಗಿದೆ. ಎಲ್ಲಿ ನಿಲ್ಲಬೇಕೆಂಬುದನ್ನು ಮಾತ್ರ ಮೊದಲ ದಿನವೇ ಹೇಳಿಕೊಟ್ಟಿದ್ದೇನೆ.