ಮೂರನೆಯ ಮಾಳಿಗೆಯ ಮೀನುತೊಟ್ಟಿ

ಕಾಸರಗೋಡಿನ ಕಡೆ ಹಳೆಯ ಮನೆಗಳ ಬಾವಿಗೆ ಒಂದೆರಡು ಮೀನು ಬಿಡುವ ರೂಢಿಯಿತ್ತು. ಸೊಳ್ಳೆಯ ಮರಿಗಳನ್ನು ತಿಂದುಹಾಕುತ್ತವೆ, ನೀರು ಕೆಟ್ಟರೆ ಮೊದಲು ಅವಕ್ಕೇ ತಿಳಿಯುತ್ತದೆ ಎಂಬುದು ಹಿರಿಯರ ನಂಬಿಕೆ. ಬಾವಿಯ ನೀರಿನ ಭಾರವನ್ನು ಮಾತ್ರ ಯಾರೂ ಲೆಕ್ಕ ಹಾಕುತ್ತಿರಲಿಲ್ಲ, ಭೂಮಿ ಹೊರುತ್ತಿತ್ತು. ಪಾಲಾಗಿ, ತೋಟ ಮಾರಿ, ಪೇಟೆಯ ಫ್ಲಾಟಿಗೆ ಬಂದ ನಮ್ಮಂಥವರಿಗೆ ಕಾಲಡಿಯಲ್ಲಿ ಭೂಮಿಯಿಲ್ಲ. ನಮ್ಮ ನೆಲವೆಂದರೆ ಕೆಳಗಿನವರ ಮಾಡು.

ಬಾವಿಕಟ್ಟೆಯನ್ನು ಬಿಟ್ಟು ಮೂರನೆಯ ಮಾಳಿಗೆಗೆ ಬಂದ ಅಮ್ಮನಿಗೆ ಹಗಲು ಕಳೆಯುವುದೇ ದೊಡ್ಡ ಕೆಲಸವಾಗಿತ್ತು. ಅಜ್ಜಿಯ ನೆಪ ಹೇಳಿ ಮಗ ಮೀನುತೊಟ್ಟಿ ಬೇಕೆಂದ. ಅದೂ ಆರು ಅಡಿ ಉದ್ದದ್ದು. ಬ್ಯಾಂಕಿನ ಗುಮಾಸ್ತನಾದ ನನಗೆ ಲೆಕ್ಕ ನೋಡದೆ ಸಹಿ ಹಾಕುವ ಅಭ್ಯಾಸವಿಲ್ಲ. ಪೆನ್ಸಿಲು ಹಿಡಿದೆ.

ಒಂದು ಘನ ಅಡಿ ನೀರು ಸುಮಾರು 28 ಲೀಟರು. ಒಂದು ಲೀಟರು ಒಂದು ಕಿಲೋ. ಆರು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿ ತುಂಬಿದರೆ ನೀರೊಂದೇ ಆರೂವರೆ ಕ್ವಿಂಟಾಲು ದಾಟುತ್ತದೆ. ಮಗನನ್ನು ನಾಲ್ಕು ಅಡಿಗೆ ಇಳಿಸಿದೆ, ಅಗಲವನ್ನೂ ಎತ್ತರವನ್ನೂ ಒಂದೂವರೆ ಅಡಿಗೆ. ಆಗಲೂ ನೀರು, ಗಾಜು, ಜಲ್ಲಿ, ಸ್ಟ್ಯಾಂಡು ಸೇರಿ ಮೂರೂವರೆ ಕ್ವಿಂಟಾಲು. ಎಂದರೆ ಆರು ಚದರಡಿಯಲ್ಲಿ ಐವತ್ತು ಕಿಲೋದ ಏಳು ಅಕ್ಕಿಮೂಟೆ.

ಪರಿಚಯದ ಇಂಜಿನಿಯರೊಬ್ಬರು ಕಟ್ಟಡದ ನಕ್ಷೆ ನೋಡಿದರು. ವಾಸದ ಕೋಣೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕಿಲೋ ಭಾರವೆಂದು ಲೆಕ್ಕ ಹಿಡಿಯುವುದು ನಮ್ಮ ದೇಶದ ಕ್ರಮ. ತೊಟ್ಟಿಯ ಕೆಳಗೆ ಬೀಳುವುದು ಅದರ ಮೂರು ಪಟ್ಟು. ಇಡೀ ಕೋಣೆಗೆ ಹರಡಿದ ಲೆಕ್ಕವಾದ್ದರಿಂದ ಹೆದರಿ ಓಡಬೇಕಿಲ್ಲ, ಆದರೆ ಎಲ್ಲಿ ಇಡುತ್ತೀರಿ ಎಂಬುದೇ ಮುಖ್ಯ ಎಂದರು. ನೆಂಟರು ಆರು ಜನ ಒಂದೆಡೆ ನಿಂತರೂ ಸಂಜೆಗೆ ಹೊರಡುತ್ತಾರೆ. ತೊಟ್ಟಿ ವರ್ಷಾನುಗಟ್ಟಲೆ ಕೂರುತ್ತದೆ, ಕಾಂಕ್ರೀಟು ನಿಧಾನವಾಗಿ ಬಾಗುವುದು ಅಂಥ ಭಾರಕ್ಕೆ. ಕೋಣೆಯ ನಡುವೆ ಬೇಡ, ಬಾಲ್ಕನಿಯ ಅಂಚಿನಲ್ಲಿ ಬೇಡವೇ ಬೇಡ. ಕೆಳಗೆ ತೊಲೆ ಇದೆಯೆಂದು ಖಚಿತವಾದ ಗೋಡೆಗೆ ಒತ್ತಿ, ಕಂಬದ ಮೂಲೆಯಲ್ಲಿ ಇಡಿಸಿದರು. ಮಟ್ಟ ನೋಡಿ, ಗಾಜಿನಡಿ ಥರ್ಮೋಕೋಲ್ ಹಾಸಿದೆವು.

ಭಾರದ ಮಾತು ಮುಗಿದರೆ ನೀರಿನದು. ನಾವು ಸೋರಿಕೆ ಎನ್ನುವುದನ್ನು ಕೆಳಗಿನ ಮನೆಯವರು ಚೋರ್ಚ ಎನ್ನುತ್ತಾರೆ. ನೆನೆದ ಗೋಡೆಗೆ ಭಾಷೆಯ ಭೇದವಿಲ್ಲ. ತೊಟ್ಟಿ ತರುವ ಮೊದಲೇ ಹೋಗಿ ಅವರಿಗೆ ತಿಳಿಸಿದೆ. ಒಂಟಿಯಾಗಿರುವ ಹಿರಿಯ ಮಹಿಳೆ. "ಒಡೆದರೆ?" ಎಂದು ಒಂದೇ ಪ್ರಶ್ನೆ ಕೇಳಿದರು. ಮನೆಗೆ ಬಂದು ಆ ಪ್ರಶ್ನೆಗೆ ಉತ್ತರವಾಗಿ ಒಂದೊಂದೇ ಏರ್ಪಾಡು ಮಾಡಿದೆ.

ಗಾಳಿ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಟ್ಟೆ. ಕೆಳಗಿದ್ದರೆ, ಮಳೆಗಾಲದಲ್ಲಿ ಕರೆಂಟು ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ನೆಲಕ್ಕೆ ಇಳಿದೀತು. ಹಿಮ್ಮುಖ ಹರಿವು ತಡೆಯುವ ಸಣ್ಣ ಕವಾಟವೂ ಉಂಟು. ಅದರ ಬೆಲೆ ಅಲ್ಪ. ವಯರುಗಳು ಪ್ಲಗ್ಗಿಗಿಂತ ಕೆಳಗೆ ಜೋತು ಮತ್ತೆ ಮೇಲೇರುವಂತೆ ಮಾಡಿದರೆ ಹನಿಗಳು ಬಳುಕಿನಲ್ಲೇ ಬಿದ್ದುಹೋಗುತ್ತವೆ, ಪ್ಲಗ್ಗಿಗೆ ಮುಟ್ಟುವುದಿಲ್ಲ. ಸೋರುವ ವಿದ್ಯುತ್ತನ್ನು ಕಂಡೊಡನೆ ಕಡಿಯುವ ಬ್ರೇಕರನ್ನು ಮನೆಗೆ ಹಾಕಿಸಿದೆ. ನೀರು ತುಂಬಿಸುವಾಗ ಪೈಪು ಬಿಟ್ಟು ಅತ್ತಿತ್ತ ಹೋಗಕೂಡದೆಂಬ ನಿಯಮ ಎಲ್ಲರಿಗೂ ಅನ್ವಯ, ಫೋನು ಬಂದರೂ. ಗೌರಾಮಿ ಮೀನುಗಳನ್ನು ಆರಿಸಿದ್ದಕ್ಕೂ ಕಾರಣವಿದೆ: ಅವು ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲವು; ಪಂಪು ನಿಂತರೂ ತಾಳಿಕೊಳ್ಳುತ್ತವೆ.

ಪ್ರತಿ ಭಾನುವಾರ ಕಾಲು ಭಾಗ ನೀರು ಬದಲಿಸುತ್ತೇವೆ, ನಾಲ್ಕು ಬಕೆಟು. ಹೊಸ ನೀರನ್ನು ಹಿಂದಿನ ದಿನವೇ ಹಿಡಿದಿಟ್ಟು ಕ್ಲೋರಿನ್ ಹೋಗಗೊಡುತ್ತೇವೆ. ಹಳೆಯ ನೀರು ಗಿಡಕ್ಕೆ ಒಳ್ಳೆಯ ಗೊಬ್ಬರ. ಒಂದು ಬಕೆಟು ಕೆಳಗಿನ ಮನೆಯ ಕರಿಬೇವಿಗೆ ಹೋಗುತ್ತದೆ. ತುಳು, ಕನ್ನಡ ಬಿಟ್ಟು ಬೇರೆ ಮಾತಾಡದ ಅಮ್ಮ ಆ ಬಾಗಿಲಲ್ಲಿ ನಿಂತು "ವೆಳ್ಳಂ ವೇಣೋ?" ಎನ್ನುತ್ತಾರೆ. ಆಕೆ "ಬನ್ನಿ, ಕುಳಿತುಕೊಳ್ಳಿ" ಎಂದು ಕನ್ನಡದಲ್ಲೇ ಉತ್ತರಿಸುತ್ತಾರೆ. ಮಳೆಗಾಲಕ್ಕೆ ಮೊದಲು ನಾನು ತೊಟ್ಟಿಯ ಸಿಲಿಕೋನ್ ಬೆಸುಗೆಗಳನ್ನು ಬೆರಳಾಡಿಸಿ ನೋಡುತ್ತೇನೆ. ಅವರು ತಮ್ಮ ಮಾಡಿನ ಮೂಲೆ ನೋಡಿ ಹೇಳಿಕಳಿಸುತ್ತಾರೆ. ಈ ತನಕ ಒಣಗಿಯೇ ಇದೆ.